ಆರನೇದು ಗುಳಿಗನಿಗೆ

ಕಕ್ಕಡ ತಿಂಗಳಲ್ಲಿ ಮಡಿಕೇರಿ ಕಡೆ ಏನೂ ಒಣಗಲ್ಲ. ಬಟ್ಟೆ ಒಣಗಲ್ಲ, ಸೌದೆ ಒಣಗಲ್ಲ, ಡಬ್ಬಿಯಲ್ಲಿಟ್ಟ ಉಪ್ಪು ನೀರಾಗಿರುತ್ತೆ, ಬೀರು ತೆಗೆದ್ರೆ ಬೆಲ್ಟು ಬೂಟು ಎಲ್ಲದರ ಮೇಲೂ ಬಿಳಿ ಬೂಸ್ಟು. ಇಂಥ ಟೈಮಲ್ಲಿ, ಹೋದ ವರ್ಷ ಜುಲೈ ಕೊನೆಗೆ, ಕರೆಂಟ್ ಹೋಗಿ ಮೂರನೇ ದಿನ, ಒಂದು ಜೀಪು ಬಂದು ನಮ್ಮ ಗೇಟಿನ ಮುಂದೆ ನಿಂತ್ಕೊಳ್ತು, ಹಿಂದಿನಿಂದ ಇಬ್ಬರು ಹುಡುಗ್ರು ಹೆಣ ಹೊತ್ತ ಹಾಗೆ ಏನೋ ಉದ್ದದ್ದನ್ನ ಇಳಿಸ್ಕೊಂಡು ಒಳಗೆ ಬಂದ್ರು. ಗೊಬ್ಬರದ ಚೀಲದ ಒಳಗೆ ಬರುತ್ತಲ್ಲ ಆ ದಪ್ಪ ಪ್ಲಾಸ್ಟಿಕ್ಕು, ಅದರಲ್ಲಿ ಮೂರು ಸುತ್ತು, ಅದರ ಮೇಲೆ ನೈಲಾನ್ ಹಗ್ಗ, ಹಗ್ಗದ ಮೇಲೆ ಬ್ರೌನ್ ಟೇಪು. ಹಿಂದೆ ಕೊಡೆ ಹಿಡ್ಕೊಂಡು ಮಾಮ.

ಮಾಮ ಅಂದ್ರೆ ನನ್ನ ಸ್ವಂತ ಮಾಮ ಅಲ್ಲ. ನಾಪೋಕ್ಲು ಕಡೆಯವರು, ಕೊಡವರು, ಎಪ್ಪತ್ತು ದಾಟಿದೆ, ಒಂದು ಕಾಲದಲ್ಲಿ ಈ ಕಡೆಯ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸ್ತಿದ್ರು, ಹಾಗಾಗಿ ಊರಿಗೆಲ್ಲ ಕೀಬೋರ್ಡ್ ಮಾಮ. ನಮ್ಮಪ್ಪ ಕೆಲಸಕ್ಕೆ ಅಂತ ಮಡಿಕೇರಿಗೆ ಬಂದು ಇಲ್ಲೇ ಉಳಿದವರು, ನಮ್ಮನೇಲಿ ಕನ್ನಡ, ಮಾಮ ನನ್ನ ಜೊತೆ ಕನ್ನಡ ಮಾತಾಡ್ತಾರೆ, ಸಿಟ್ಟು ಬಂದ್ರೆ ಮಾತ್ರ ಕೊಡವ ತಕ್ಕ್‌ಗೆ ಜಾರ್ತಾರೆ.

"ಒಂದು ಹನಿ ನೀರು ಒಳಗೆ ಹೋಗಿಲ್ಲ ನೋಡು, ಹಾಗೆ ಕಟ್ಟಿಟ್ಟಿದ್ದೇನೆ" ಅಂದ್ರು.

ನಿಜ, ಹೊರಗಿಂದ ಒಂದು ಹನಿ ಹೋಗಿರ್ಲಿಲ್ಲ. ಒಳಗಿದ್ದದ್ದು ಹೊರಗೆ ಬರೋಕೂ ದಾರಿ ಇರ್ಲಿಲ್ಲ. ಟೇಪು ಕುಯ್ದು ಪ್ಲಾಸ್ಟಿಕ್ ಬಿಚ್ಚಿದ್ರೆ ಕೊನೇ ಪದರದ ಒಳಮೈ ತುಂಬ ಸಣ್ಣ ಸಣ್ಣ ನೀರಿನ ಹನಿ, ಅನ್ನದ ಪಾತ್ರೆ ಮುಚ್ಚಳದ ಒಳಗೆ ಇರುತ್ತಲ್ಲ ಹಾಗೆ. ಕೀಗಳ ಮೇಲೆ ಹಸಿರು ಬೂಸ್ಟು, ಸ್ಕ್ರೂ ತಲೆಗಳಿಗೆ ತುಕ್ಕು, ಎಡಗಡೆ ಮೂಲೆಯಲ್ಲಿ ಎರಡು ಹಲ್ಲಿ ಮೊಟ್ಟೆ. ಬೂಸ್ಟಿನ ಕೆಳಗೆ ಬೆರಳಲ್ಲಿ ಉಜ್ಜಿದಾಗ ಹೆಸರು ಕಾಣಿಸ್ತು: ರೋಲ್ಯಾಂಡ್ ಜೂನೋ-106.

ನನ್ನ ಎದೆ ಒಂದು ಸಲ ಢವ್ ಅಂತು, ಸುಳ್ಳು ಯಾಕೆ ಹೇಳ್ಲಿ. 1984ರಲ್ಲಿ ಜಪಾನಿನಿಂದ ಬಂದ ಸಿಂಥಸೈಜರ್, ಅಂದ್ರೆ ಸ್ವರವನ್ನ ಸರ್ಕ್ಯೂಟಲ್ಲೇ ಹುಟ್ಟಿಸೋ ಕೀಬೋರ್ಡು, 61 ಕೀ, ಒಂದು ಸಲಕ್ಕೆ ಆರು ಸ್ವರ, 128 ಸೌಂಡ್ ನೆನಪಿಟ್ಕೊಳ್ಳೋ ಮೆಮೊರಿ. ಈಗ ಹೊರದೇಶದಲ್ಲಿ ಸುಸ್ಥಿತಿಯಲ್ಲಿರೋದು ಒಂದು ಬೇಕು ಅಂದ್ರೆ ನಮ್ಮ ದುಡ್ಡಲ್ಲಿ ಲಕ್ಷ ದಾಟುತ್ತೆ. ಅಂಥದ್ದು ನಾಪೋಕ್ಲು ಹತ್ತಿರ ಒಂದು ಮನೆಯಲ್ಲಿ ಗೊಬ್ಬರದ ಪ್ಲಾಸ್ಟಿಕ್ಕಲ್ಲಿ ಮಲಗಿತ್ತು. ಮಾಮನ ಸಂಬಂಧಿಕರೊಬ್ಬರು ಗಲ್ಫ್‌ನಲ್ಲಿದ್ರಂತೆ, 1988ರಲ್ಲಿ ರಜೆಗೆ ಬರುವಾಗ ತಂದುಕೊಟ್ಟದ್ದು. ಆ ವರ್ಷದ ಕಾಫಿ ದುಡ್ಡು ಪೂರ್ತಿ ಅದಕ್ಕೇ ಹೋಯ್ತಂತೆ, ಮನೇಲಿ ಎಷ್ಟು ದಿನ ಮಾತು ಬಿಟ್ಟಿದ್ರು ಅನ್ನೋದನ್ನ ಮಾಮ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನನ್ನ ಕಸುಬು ಇದಲ್ಲ ಅಂತ ಮೊದಲೇ ಹೇಳ್ಬಿಡ್ತೀನಿ. ಇನ್ವರ್ಟರ್ ಬೋರ್ಡು, ಸೋಲಾರ್ ಬೇಲಿ ಯೂನಿಟ್ಟು, ಮೋಟಾರ್ ಸ್ಟಾರ್ಟರ್, ಇವು ಹೊಟ್ಟೆಪಾಡು. ಹಳೇ ಸಿಂಥಸೈಜರ್ ಹುಚ್ಚು ಬೇರೆ. ಅದು ಹತ್ತಿದ್ದು ಒಂದು ಕಾರ್ಗ್ ಪಾಲಿಸಿಕ್ಸ್‌ನಿಂದ, 1981ರ ಮಾಡೆಲ್ಲು, ಮೈಸೂರಲ್ಲಿ ಒಂದು ಗುಜರಿಯಲ್ಲಿ ಸಿಕ್ಕಿದ್ದು. ಆಗ ನನಗೆ ಏನೂ ಗೊತ್ತಿರ್ಲಿಲ್ಲ, ಮುಚ್ಚಳ ತೆಗೆದೆ, ಒಂದು ಬೋರ್ಡಿನ ಮೇಲೆ ಮೈಲುತುತ್ತು ಚೆಲ್ಲಿದ ಹಾಗೆ ನೀಲಿ ಹಸಿರು ಪುಡಿ. ಅದರಲ್ಲಿ 32 ಸೌಂಡ್ ಮೆಮೊರಿ ಉಂಟು, ಕರೆಂಟ್ ಇಲ್ಲದಾಗಲೂ ಅದು ಅಳಿಸಿ ಹೋಗಬಾರದು ಅಂತ ಬೋರ್ಡಿನ ಮೇಲೇ ಒಂದು ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿ ಕೂರಿಸಿದ್ದಾರೆ, ಆ ಕಾಲಕ್ಕೆ ಎಲ್ಲರೂ ಮಾಡ್ತಿದ್ದದ್ದೇ, ವರ್ಷಗಳು ಕಳೆದ ಮೇಲೆ ಆ ಬ್ಯಾಟರಿ ಸೋರುತ್ತೆ, ಸೋರಿದ್ದು ತಾಮ್ರದ ಗೆರೆಗಳನ್ನ ತಿನ್ಕೊಂಡು ಹೋಗುತ್ತೆ. ನೆನಪು ಉಳಿಸೋಕೆ ಅಂತ ಇಟ್ಟದ್ದೇ ನೆನಪಿನ ಬೋರ್ಡನ್ನ ತಿಂದು ಹಾಕಿತ್ತು.

ಸೋರೋದು ಕ್ಷಾರ, ಪೊಟ್ಯಾಸಿಯಂ ಹೈಡ್ರಾಕ್ಸೈಡು. ಅದನ್ನ ಸುಮ್ಮನೆ ಒರೆಸಿದ್ರೆ ಸಾಲ್ದು, ಹುಳಿ ಹಾಕಿ ತಣಿಸ್ಬೇಕು. ವಿನೆಗರ್ ಬೇಕು ಅಂತ ಮನೆಯಲ್ಲೆಲ್ಲ ಹುಡುಕ್ತಿದ್ದೆ, ಪಕ್ಕದ್ಮನೆ ಆಂಟಿ ಬೇಲಿ ಮೇಲಿಂದ ಒಂದು ಬಾಟಲಿ ಕಾಚಂಪುಳಿ ಕೊಟ್ರು. "ಹುಳಿ ತಾನೇ ಬೇಕಾದ್ದು, ಇದಕ್ಕಿಂತ ಹುಳಿ ಎಂತದುಂಟು?" ಪಂದಿ ಕರಿಗೆ ಹಾಕೋ ಕಾಚಂಪುಳಿ ನೋಡದವರಿಗೆ ಹೇಳ್ತೀನಿ, ಟಾರಿನ ಹಾಗೆ ಕಪ್ಪಗೆ, ಗಟ್ಟಿಗೆ, ಹಣ್ಣಿನ ರಸ ದಿನಗಟ್ಟಲೆ ಕುದಿಸಿ ಇಳಿಸಿದ್ದು. ಬೋರ್ಡಿಗೆ ಹಚ್ಚಿದ್ರೆ ಕ್ಷಾರ ಸಾಯುತ್ತೋ ಏನೋ, ಆಮೇಲೆ ಇರುವೆ ಬಂದು ಚಿಪ್ಪು ಸಮೇತ ಹೊತ್ಕೊಂಡು ಹೋಗ್ತಿದ್ವು. ಬಾಟಲಿ ಅಡುಗೆಮನೆಗೆ ಹೋಯ್ತು, ನಾನು ಪೇಟೆಗೆ ಹೋಗಿ ಬಿಳಿ ವಿನೆಗರ್ ತಂದೆ, ಹಲ್ಲುಜ್ಜೋ ಬ್ರಶ್ಶಲ್ಲಿ ತಿಕ್ಕಿದೆ, ಆಮೇಲೆ ಡಿಸ್ಟಿಲ್ಡ್ ವಾಟರು, ಆಮೇಲೆ ಸ್ಪಿರಿಟ್ಟು. ಹಲ್ಲಿ ಬಾಲದಷ್ಟು ತೆಳ್ಳಗಿನ ವೈರುಗಳಿಂದ ತುಂಡಾದ ಗೆರೆಗಳನ್ನ ಒಂದೊಂದಾಗಿ ಸೇರಿಸಿದ್ದು ಒಂದು ಇಡೀ ಮಳೆಗಾಲ.

ಮಾಮನ ಜೂನೋಗೆ ಬರ್ತೀನಿ. ಬಂದ ತಕ್ಷಣ ಮಾಮ "ಒಮ್ಮೆ ಹಾಕಿ ನೋಡುವ" ಅಂದ್ರು. ಅದೃಷ್ಟಕ್ಕೆ ಕರೆಂಟ್ ಇರ್ಲಿಲ್ಲ. ಇದ್ದಿದ್ರೂ ಹಾಕ್ತಿರ್ಲಿಲ್ಲ ಬಿಡಿ, ಆದ್ರೆ ಎದುರಿಗೆ ನಿಂತು ಇಲ್ಲ ಅನ್ನೋದು ಕಷ್ಟ. ಒದ್ದೆ ಯಂತ್ರಕ್ಕೆ ಕರೆಂಟ್ ಕೊಡೋದು ಅಂದ್ರೆ ಜ್ವರದವರನ್ನ ಮಳೆಗೆ ನಿಲ್ಲಿಸಿದ ಹಾಗೆ. ಮೊದಲು ಒಣಗಬೇಕು, ಒಣಗೋಕೆ ನಮ್ಮಲ್ಲಿ ಜಾಗ ಎಲ್ಲುಂಟು? ಕುಶಾಲನಗರದಲ್ಲಿ ಒಬ್ಬ ಫ್ರೆಂಡ್ ಇದ್ದಾನೆ, ಮೂವತ್ತು ಕಿಲೋಮೀಟರ್ ದೂರ ಅಷ್ಟೇ, ಆದ್ರೆ ಆನೆಕಾಡು ದಾಟಿ ಇಳಿದ ಮೇಲೆ ಮಳೆಯ ಜಾತಿಯೇ ಬೇರೆ, ಇಲ್ಲಿ ಸುರೀತಾ ಇರುವಾಗ ಅಲ್ಲಿ ಬಿಸಿಲು ಕಾಯಿಸ್ತಿರ್ತಾರೆ. ಮುಚ್ಚಳ ತೆಗೆದು, ತೆಳ್ಳಗಿನ ಹತ್ತಿ ಪಂಚೆ ಹೊದಿಸಿ, ಅವನ ಮನೆ ಮಹಡಿ ರೂಮಲ್ಲಿ ಫ್ಯಾನ್ ಕೆಳಗೆ ಹತ್ತು ದಿನ ಮಲಗಿಸಿದ್ದು. ಅವನ ಹೆಂಡ್ತಿ ಫೋನ್ ಮಾಡಿ "ಇದು ಯಾರ ಬಾಣಂತನ?" ಅಂತ ಕೇಳಿದ್ಲು.

ಆ ಹತ್ತು ದಿನದಲ್ಲಿ ಮಾಮ ಎರಡು ಸಲ ಬಂದ್ರು, ಕಾಫಿ ಕುಡಿದು ಕೂತು ಕಥೆ ಹೇಳಿದ್ರು. ಮದುವೆ ರಿಸೆಪ್ಷನ್ನು, ಗಣೇಶೋತ್ಸವ, ಮಡಿಕೇರಿ ದಸರಾದ ದಶಮಂಟಪದ ರಾತ್ರಿ ಬೆಳಗಿನ ಜಾವದವರೆಗೂ ನುಡಿಸಿದ್ದು. ಮತ್ತೆ ಕಾಯಿಲೆಯ ಕಥೆ.

"ಐದು ಸಲ ಸರಿ ಬರ್ತದೆ. ಆರನೇ ಸಲ ಕೈ ಕೊಡ್ತದೆ. ಒಮ್ಮೆ ಇಲ್ಲ, ಒಮ್ಮೆ ಕರ್ರ್ ಅಂತದೆ."

ಶುರುವಾದದ್ದು 2000ದ ಆಸುಪಾಸು. ಬೇಸಿಗೆಯಲ್ಲಿ ಸರಿ ಇರ್ತಿತ್ತು, ಮಳೆ ಹಿಡಿದ್ರೆ ಹಟ. ಹಾಡಿನ ಮಧ್ಯ ಒಂದು ಸ್ವರ ಮಂಗಮಾಯ. ಅದೂ ಒಂದೇ ಕೀ ಆಗಿದ್ರೆ ಕೀ ಕೆಟ್ಟಿದೆ ಅನ್ನಬಹುದಿತ್ತು, ಒಂದು ಸಲ ಸ ಹೋಯ್ತು ಅಂದ್ರೆ ಮುಂದಿನ ಸಲ ಪ ಹೋಗ್ತಿತ್ತು. ಜನ ಏನಂತಾರೆ, ಕೊಡಗಲ್ಲಿ? "ಮಾಮ ಇವತ್ತು ಒಂದು ಪೆಗ್ ಜಾಸ್ತಿ ಬಿಟ್ಟಿದ್ದಾನೆ" ಅಂದ್ರು. ಒಂದು ಮದುವೆಯಲ್ಲಿ ಹಾಡೋ ಹುಡುಗಿ ಮೈಕಿನಲ್ಲೇ ನಕ್ಕುಬಿಟ್ಟಳಂತೆ. ಮಾಮನಿಗೆ ಆಗ ಐವತ್ತು ಹತ್ತಿರ, ತನ್ನ ಬೆರಳೇ ಹೋಗ್ತಾ ಉಂಟು ಅಂತ ಅವರೂ ನಂಬಿದ್ರು, ಡಾಕ್ಟರ್ ಹತ್ರ ಕೂಡ ಹೋಗಿ ಬಂದ್ರಂತೆ, ನರದ ಮಾತ್ರೆ ತಿಂದ್ರಂತೆ.

ಆಮೇಲೆ ಅವರೇ ಒಂದು ಉಪಾಯ ಕಂಡ್ಕೊಂಡ್ರು. ಐದು ಸ್ವರ ಆದ ಮೇಲೆ, ಆರನೇದನ್ನ ಎಡಗೈ ಕಿರುಬೆರಳಲ್ಲಿ ತೀರಾ ಕೆಳಗಿನ ಕೀ ಮೇಲೆ ಟಕ್ ಅಂತ ಕುಟ್ಟೋದು. ಶಬ್ದ ಬರಲ್ಲ, ಪೀಡೆ ಅಲ್ಲಿಗೆ ಕಳೀತು, ಮುಂದಿನ ಐದು ಮತ್ತೆ ನಮ್ಮವು. "ಐದು ನಮಗೆ, ಆರನೇದು ಗುಳಿಗನಿಗೆ" ಅಂದ್ರು ಮಾಮ, ಗುಳಿಗ ದೈವಕ್ಕೆ ಎಡೆ ಇಟ್ಟ ಹಾಗೆ ಕಿರುಬೆರಳು ಮೇಜಿನ ಮೇಲೆ ಕುಟ್ಟಿ ತೋರಿಸಿ. ನಿಧಾನದ ಹಾಡುಗಳನ್ನ ಹೀಗೇ ಎರಡು ಮೂರು ವರ್ಷ ನಡೆಸಿದ್ರಂತೆ, ಆಮೇಲೆ ಎರಡನೇ ಪೀಡೆಯೂ ಸೇರ್ಕೊಂಡಾಗ ಲೆಕ್ಕ ತಪ್ಪಿತು, ಕಟ್ಟಿಟ್ರು.

ಇದನ್ನ ಕೇಳ್ತಾ ನನಗೆ ರೋಮ ನಿಂತಿತ್ತು, ಯಾಕಂದ್ರೆ ಸರ್ವಿಸ್ ಮ್ಯಾನ್ಯುಯಲ್ ಇಲ್ಲದೆ, ಸರ್ಕ್ಯೂಟ್ ಅಂದ್ರೆ ಏನು ಅಂತ ಗೊತ್ತಿಲ್ಲದೆ, ಆ ಮನುಷ್ಯ ಬರೀ ಬೆರಳಲ್ಲಿ ಯಂತ್ರದ ಹೊಟ್ಟೆಯ ಲೆಕ್ಕ ಹಿಡಿದುಬಿಟ್ಟಿದ್ರು. ಜೂನೋ ಒಳಗೆ ಆರು ಗಂಟಲು ಉಂಟು ಅಂತ ಇಟ್ಕೊಳ್ಳಿ. ನೀವು ಕೀ ಒತ್ತಿದ ಹಾಗೆ ಒಂದೊಂದು ಗಂಟಲಿಗೆ ಸರದಿ, ಒಂದು, ಎರಡು, ಮೂರು, ಆರಾದ ಮೇಲೆ ಮತ್ತೆ ಒಂದು. ಕೀಗೂ ಗಂಟಲಿಗೂ ಸಂಬಂಧ ಇಲ್ಲ. ಒಂದು ಗಂಟಲು ಕಟ್ಟಿದ್ರೆ ಆರಕ್ಕೊಂದು ಸ್ವರ ಹೋಗುತ್ತೆ, ಯಾವ ಕೀ ಅದರ ಪಾಲಿಗೆ ಬಂತೋ ಆ ಕೀ. ಮಾಮ ಮಾಡಿದ್ದು ಕೆಟ್ಟ ಗಂಟಲಿಗೆ ಕೆಲಸಕ್ಕೆ ಬಾರದ ಕೀ ಕೊಟ್ಟು ಸಾಗಹಾಕಿದ್ದು.

ಒಂದೊಂದು ಗಂಟಲಿನ ಫಿಲ್ಟರು, ಅಂದ್ರೆ ಸ್ವರದ ಚೂಪು ತಗ್ಗಿಸಿ ಏರಿಸೋ ಭಾಗ, ಮತ್ತು ವಾಲ್ಯೂಮ್ ಕಂಟ್ರೋಲು ಒಂದೊಂದು ಚಿಪ್ಪಲ್ಲಿ. 80017ಎ ಅಂತ ಅದರ ನಂಬರು, ಆರು ಗಂಟಲಿಗೆ ಆರು ಚಿಪ್ಪು. ಚಿಪ್ಪು ಅಂತ ಕರೀತೀವಿ ಅಷ್ಟೇ, ಅಸಲಿಗೆ ಅದೊಂದು ಸಣ್ಣ ಬೋರ್ಡು, ಅದರ ಮೇಲೆ ಎಳ್ಳಿನಷ್ಟು ಎಳ್ಳಿನಷ್ಟು ಭಾಗಗಳು, ಒಂದೇ ಸಾಲು ಕಾಲು, ಬಾಚಣಿಗೆ ನಿಂತ ಹಾಗೆ ನಿಲ್ಲುತ್ತೆ, ಮತ್ತೆ ಇಡೀ ಮೈಗೆ ಕಪ್ಪು ಅಂಟಿನ ಲೇಪ. ಲೇಪ ಯಾಕೆ ಅಂದ್ರೆ ಧೂಳು ತೇವ ತಾಗದಿರಲಿ ಅಂತ. ಈ ಲೇಪವೇ ಕಾಲ ಕಳೆದ ಹಾಗೆ ಕರೆಂಟನ್ನ ಚೂರು ಚೂರು ಸೋರಿಸೋಕೆ ಶುರು ಮಾಡುತ್ತೆ. ಫಿಲ್ಟರಿನ ಒಳಗೆ ನ್ಯಾನೋ ಆಂಪಿಯರ್ ಲೆಕ್ಕದ ಕರೆಂಟುಗಳು ಓಡಾಡೋ ಜಾಗ ಇರುತ್ತೆ, ಅಲ್ಲಿ ಕೂದಲೆಳೆಯಷ್ಟು ಸೋರಿದ್ರೂ ಕಥೆ ಮುಗೀತು, ಸ್ವರ ಕರಕರ ಅನ್ನುತ್ತೆ, ಇಲ್ಲಾ ಬರೋದೇ ಇಲ್ಲ, ಇಲ್ಲಾ ಬಂದದ್ದು ನಿಲ್ಲೋದೇ ಇಲ್ಲ. ಮಾಡಿದವರನ್ನ ಬೈಯೋಕೆ ನನಗೆ ಮನಸ್ಸಿಲ್ಲ, 1984ರಲ್ಲಿ ಕೂತು ನಲವತ್ತು ವರ್ಷ ಮುಂದಿನದ್ದನ್ನ ಯಾರು ಯೋಚಿಸ್ತಾರೆ, ಅದೂ ನಾಪೋಕ್ಲು ಮಳೆಯನ್ನ.

ಲೇಪ ಕಿತ್ತು ಹಾಕಿದ್ರೆ ಎಷ್ಟೋ ಚಿಪ್ಪುಗಳು ಮತ್ತೆ ಉಸಿರಾಡ್ತವೆ. ಜಗತ್ತಿನಾದ್ಯಂತ ಈ ಯಂತ್ರ ರಿಪೇರಿ ಮಾಡೋರು ಕಂಡ್ಕೊಂಡ ಮದ್ದು ಇದು, ಅಸಿಟೋನಲ್ಲಿ ನೆನೆಸೋದು.

ಅದಕ್ಕೂ ಮೊದಲು ಪವರ್ ಸಪ್ಲೈ. ಕುಶಾಲನಗರದಿಂದ ಬಂದ ಮೇಲೆ ಸೀರೀಸ್ ಲ್ಯಾಂಪ್ ಹಾಕಿ ಕರೆಂಟ್ ಕೊಟ್ಟೆ. ಹಳೇ ಎಲೆಕ್ಟ್ರಿಷಿಯನ್‌ಗಳಿಗೆ ಇದು ಗೊತ್ತು, ಯಂತ್ರದ ಜೊತೆ ಸಾಲಾಗಿ ಒಂದು 60 ವ್ಯಾಟಿನ ಬಲ್ಬು, ಒಳಗೆ ಎಲ್ಲಾದ್ರೂ ಶಾರ್ಟ್ ಇದ್ರೆ ಬಲ್ಬು ಪೂರ್ತಿ ಉರಿಯುತ್ತೆ, ಯಂತ್ರ ಉಳಿಯುತ್ತೆ. ತಂತಿ ಬಲ್ಬೇ ಬೇಕು, ಎಲ್‌ಇಡಿ ಆಗಲ್ಲ, ಈಗ ತಂತಿ ಬಲ್ಬು ಹುಡುಕೋದೇ ಒಂದು ಕೆಲಸ, ನನ್ನ ಹತ್ರ ನಾಲ್ಕು ಉಳಿದಿದೆ, ಬಂಗಾರದ ಹಾಗೆ ಇಟ್ಕೊಂಡಿದ್ದೀನಿ. ಈ ಬುದ್ಧಿ ನನಗೆ ಪುಕ್ಕಟೆ ಬಂದದ್ದಲ್ಲ. ಹಿಂದೊಮ್ಮೆ ಜಪಾನಿನ ಒಳಮಾರುಕಟ್ಟೆಯ ಒಂದು ಕೀಬೋರ್ಡು ಕೈಗೆ ಬಂದಿತ್ತು, ಪ್ಲಗ್ಗಿಗೆ ಅಡಾಪ್ಟರ್ ಹಾಕಿ ಸೀದಾ ಗೋಡೆಗೆ ಚುಚ್ಚಿದೆ. ಅಲ್ಲಿಯದು 100 ವೋಲ್ಟು, ನಮ್ಮದು 230. ಒಂದು ಸಣ್ಣ ಗುಂಯ್, ಆಮೇಲೆ ಟ್ರಾನ್ಸ್‌ಫಾರ್ಮರ್ ವಾರ್ನಿಶ್ ಸುಟ್ಟ ವಾಸನೆ, ಅದು ಮೂರು ದಿನ ಮನೆ ಬಿಟ್ಟು ಹೋಗ್ಲಿಲ್ಲ. ಹಿಂದುಗಡೆ ದೊಡ್ಡದಾಗಿ ಬರೆದಿತ್ತು, ಓದಿರ್ಲಿಲ್ಲ.

ಮಾಮನ ಜೂನೋ ಗಲ್ಫಿನದು, ಆ ಭಯ ಇರ್ಲಿಲ್ಲ. ಬಲ್ಬು ಒಮ್ಮೆ ಮಿಂಚಿ ಮಂದವಾಯ್ತು, ಒಳ್ಳೇ ಲಕ್ಷಣ. ಪ್ಲಸ್ 15, ಮೈನಸ್ 15, ಪ್ಲಸ್ 5 ವೋಲ್ಟು, ಮೂರೂ ಬಂದ್ವು, ಆದ್ರೆ ಸ್ಪೀಕರಲ್ಲಿ ಗುಂಯ್ ಅಂತ 100 ಹರ್ಟ್ಸ್ ಹಮ್ಮು. ಕೆಪಾಸಿಟರ್ ಅಂದ್ರೆ ಸಣ್ಣ ಟ್ಯಾಂಕಿ ಇದ್ದ ಹಾಗೆ, ಕರೆಂಟು ಅಲೆ ಅಲೆಯಾಗಿ ಬಂದದ್ದನ್ನ ತುಂಬ್ಕೊಂಡು ಸಮ ಮಾಡಿ ಬಿಡಬೇಕು, ಒಳಗಿನ ದ್ರವ ಒಣಗಿದ್ರೆ ಅಲೆ ಹಾಗೇ ಹಾಡಿಗೆ ನುಗ್ಗುತ್ತೆ. ಊರೆಲ್ಲ ಒದ್ದೆ ಇರುವಾಗ ಇದೊಂದು ಮಾತ್ರ ಒಣಗಿ ಸಾಯುತ್ತೆ ನೋಡಿ. ಪವರ್ ಬೋರ್ಡಿನ ದೊಡ್ಡ ಕೆಪಾಸಿಟರ್‌ಗಳನ್ನ 105 ಡಿಗ್ರಿ ಬಿಸಿ ತಡೆಯೋವಕ್ಕೆ ಬದಲಾಯಿಸಿದೆ. ಹತ್ತು ಡಿಗ್ರಿ ಬಿಸಿ ಕಮ್ಮಿ ಆದ್ರೆ ಆಯಸ್ಸು ಎರಡು ಪಟ್ಟು ಅನ್ನೋದು ಕೆಪಾಸಿಟರ್ ಮಂದಿಯ ಅಂದಾಜು ಲೆಕ್ಕ, ಆ ಲೆಕ್ಕದಲ್ಲಿ ಮಡಿಕೇರಿಯ ಚಳಿಯಲ್ಲಿ ಇವು ನನಗಿಂತ ಜಾಸ್ತಿ ಬದುಕ್ತವೆ.

ಇಲ್ಲೊಂದು ಜಗಳ ಉಂಟು, ರಿಪೇರಿಯವರ ನಡುವೆ. ಹಳೇ ಯಂತ್ರ ಬಂದ್ರೆ ಕಣ್ಣು ಮುಚ್ಕೊಂಡು ಎಲ್ಲಾ ಕೆಪಾಸಿಟರ್ ಕಿತ್ತು ಹೊಸದು ಹಾಕಿ ಅನ್ನೋರು ಒಂದು ಪಂಗಡ. ನಾನು ಆ ಪಂಗಡ ಅಲ್ಲ. ಅಳೆದು ನೋಡಿ, ಕೆಟ್ಟದ್ದನ್ನ ತೆಗೀರಿ, ಸರಿ ಇರೋದರ ಮೈ ಮುಟ್ಟಬೇಡಿ. ಒಂದೊಂದು ಭಾಗ ಕೀಳುವಾಗಲೂ ನಲವತ್ತು ವರ್ಷದ ತಾಮ್ರದ ಗೆರೆಗೆ ಬಿಸಿ ಹೊಡೀತೀರಿ, ಅದು ಎದ್ದು ಬಂದ್ರೆ ಇಲ್ಲದ ರೋಗ ನೀವೇ ಹಚ್ಚಿದ ಹಾಗೆ. ಹೀಗೆ ಭಾಷಣ ಬಿಗಿಯೋ ನಾನೇ ಮುಂದೆ ಏನು ಮಾಡಿದೆ ಅಂತ ಕೇಳಿ.

ಕೀ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಹಿಡಿದು ಸ್ವಿಚ್ ಹಾಕಿದ್ರೆ ಜೂನೋ ಟೆಸ್ಟ್ ಮೋಡಿಗೆ ಹೋಗುತ್ತೆ, ಆಗ ನೀವು ಒತ್ತಿದ ಕೀ ಯಾವ ಗಂಟಲಿಗೆ ಹೋಯ್ತು ಅಂತ ಸಣ್ಣ ಕೆಂಪು ಡಿಸ್ಪ್ಲೇನಲ್ಲಿ ನಂಬರ್ ಬರುತ್ತೆ. ಮಾಮನನ್ನ ಕರೆಸಿದೆ. ನೀವೇ ಒತ್ತಿ ಅಂದೆ. ಒಂದು ಅಂತ ಬಂತು, ಸ್ವರ ಬಂತು. ಎರಡು, ಕರಕರ. ಮೂರು ಸರಿ. ನಾಲ್ಕು ಅಂತ ಕೆಂಪಗೆ ಬರೆದಿತ್ತು, ಶಬ್ದ ಇಲ್ಲ. ಐದು, ಆರು ಸರಿ. ಮತ್ತೆ ಒಂದು. ಮಾಮ ಬೇರೆ ಕೀ ಒತ್ತಿದ್ರು, ಇನ್ನೊಂದು ಒತ್ತಿದ್ರು, ನಾಲ್ಕು ಬಂದಾಗಲೆಲ್ಲ ಸುಮ್ಮನಿರ್ತಿತ್ತು. ಎಷ್ಟೋ ಸಲ ಮಾಡಿದ್ರು, ಇಪ್ಪತ್ತು ಸುತ್ತಾದ್ರೂ ಆಗಿರಬಹುದು. ಆಮೇಲೆ ಕನ್ನಡಕ ತೆಗೆದು, "ಬೆರಳಲ್ಲ" ಅಂದ್ರು. ಅಷ್ಟೇ. ನಾನು ಟೀ ಮಾಡ್ತೀನಿ ಅಂತ ಒಳಗೆ ಹೋದೆ.

ನಾಲ್ಕು ಸತ್ತಿದೆ, ಎರಡು ಸಾಯ್ತಿದೆ, ಉಳಿದ ನಾಲ್ಕಕ್ಕೂ ಅದೇ ಲೇಪ, ಅದೇ ವಯಸ್ಸು. ಸರಿ ಇರೋದರ ಮೈ ಮುಟ್ಟಬೇಡಿ ಅನ್ನೋ ನಾನು ಆರನ್ನೂ ಕಿತ್ತೆ. ಕೀಳುವಾಗ ಎರಡನೇದರ ಕಾಲು ಹಿಡ್ಕೊಂಡಿತ್ತು, ಅವಸರ ಮಾಡಿದೆ, ಕಟಕ್ ಅಂತು, ಕಾಲಿನ ಜೊತೆ ಬೋರ್ಡಿನ ಮೂಲೆಯೂ ಬಂತು. ಅದರ ಸಾವು ನನ್ನ ಲೆಕ್ಕಕ್ಕೆ.

ಅಸಿಟೋನ್ ಮೈಸೂರಿಂದ ತರಿಸಿದ್ದು, ನೇಲ್ ಪಾಲಿಶ್ ರಿಮೂವರ್ ನಡೆಯಲ್ಲ, ಅದರಲ್ಲಿ ಎಣ್ಣೆ ಸೆಂಟು ಏನೇನೋ ಇರುತ್ತೆ. ಅಮ್ಮನ ಮಾವಿನ ಮಿಡಿ ಉಪ್ಪಿನಕಾಯಿ ಬಾಟಲಿ, ಗಾಜಿನದು, ತಗಡಿನ ಮುಚ್ಚಳ, ತೊಳೆದು ಒಣಗಿಸಿ ಐದು ಚಿಪ್ಪು ಅದರೊಳಗೆ ನಿಲ್ಲಿಸಿ ಮುಳುಗೋವಷ್ಟು ಹುಯ್ದೆ. 56 ಡಿಗ್ರಿಗೆ ಕುದಿಯೋ ದ್ರವ, ಆವಿಗೇ ಬೆಂಕಿ ಹತ್ತುತ್ತೆ, ಹಾಗಾಗಿ ಬಚ್ಚಲೊಲೆಯಿಂದ ದೂರ, ಹಿಂದಿನ ಜಗಲಿಯಲ್ಲಿ, ಮೇಲೆ ಬುಟ್ಟಿ ಮುಚ್ಚಿ, ಬುಟ್ಟಿ ಮೇಲೆ ಕಲ್ಲು, ಮುಟ್ಟಬೇಡಿ ಅಂತ ಒಂದು ಚೀಟಿ. ಅಮ್ಮ ಚೀಟಿ ಓದಿ ಚೀಟಿಗಿಂತ ಉದ್ದ ಬೈದಳು.

ಮೊದಲ ದಿನ ಏನೂ ಆಗಲ್ಲ. ಎರಡನೇ ದಿನ ಲೇಪ ಅಲ್ಲಲ್ಲಿ ಉಬ್ಬುತ್ತೆ, ಮೂರನೇ ದಿನ ಬಿಸಿನೀರಲ್ಲಿ ಹಾಕಿದ ಬಾದಾಮಿ ಸಿಪ್ಪೆ ಥರ ಸಡಿಲ. ಅರೇಬಿಕಾ ಹಣ್ಣು ಪಲ್ಪ್ ಮಾಡಿ ತೊಟ್ಟಿಯಲ್ಲಿ ನೆನೆಹಾಕಿ ಲೋಳೆ ಬಿಡಿಸೋದನ್ನ ಕಂಡವರಿಗೆ ಇದು ಹೊಸತಲ್ಲ, ಬೆರಳಲ್ಲಿ ಮುಟ್ಟಿ ನೋಡಿದ್ರೆ ಜಾರೋದು ನಿಂತು ಒರಟು ಸಿಗಬೇಕು, ಅವಸರ ಮಾಡಿದ್ರೂ ಕೆಟ್ಟಿತು ಜಾಸ್ತಿ ಬಿಟ್ರೂ ಕೆಟ್ಟಿತು. ಹಲ್ಲುಕಡ್ಡಿಯಲ್ಲಿ ನಿಧಾನಕ್ಕೆ ಎಬ್ಬಿಸಿದೆ, ಎಬ್ಬಿಸುವಾಗ ಎಳ್ಳಿನಷ್ಟಿನ ಒಂದು ಭಾಗ ಜೊತೆಗೆ ಎದ್ದು ಹೋದ್ರೆ ಮುಗೀತು, ಹಾಗಾಗಿ ಕೆಳಗೆ ಬಿಳಿ ತಟ್ಟೆ, ಮಾಸ್ಕು, ಫ್ಯಾನ್ ಆಫು. ಒಂದು ಚಿಪ್ಪಿಗೆ ಮುಕ್ಕಾಲು ಗಂಟೆ. ಕಪ್ಪು ಪೂರ್ತಿ ಹೋದ ಮೇಲೆ ಒಳಗಿನ ಬೋರ್ಡು ನಿನ್ನೆ ಮಾಡಿದ ಹಾಗೆ ಫಳಫಳ. ನಲವತ್ತು ವರ್ಷದಲ್ಲಿ ಒಂದು ಚೂರು ತುಕ್ಕಿಲ್ಲ, ತಾಮ್ರ ಕಪ್ಪಾಗಿಲ್ಲ. ಆದ್ರೂ ಸತ್ತಿತ್ತು.

ಆಗ ಮಾಮ ಪಕ್ಕದಲ್ಲೇ ಇದ್ರು, ತಟ್ಟೆಯಲ್ಲಿ ಬಿದ್ದ ಕರೀ ಸಿಪ್ಪೆಗಳನ್ನ ಉಗುರಲ್ಲಿ ಹಿಂದೆ ಮುಂದೆ ಮಾಡ್ತಾ "ಕೋವಿಗಾದ್ರೆ ಹೀಗೆ ಮಾಡಲ್ಲ" ಅಂದ್ರು. ಏನು ಅಂದೆ. "ಕೋವಿನ ಯಾರಾದ್ರೂ ಪ್ಲಾಸ್ಟಿಕ್ಕಲ್ಲಿ ಸುತ್ತಿಡ್ತಾರಾ? ಬೆವರಿ ತುಕ್ಕು ಹಿಡೀತದೆ. ಎಣ್ಣೆ ಹಚ್ಚಿ ಗಾಳಿಯಾಡುವಲ್ಲಿ ಇಡೋದು. ಇದಕ್ಕೆ ಮಾತ್ರ ನನಗೆ ಆ ಬುದ್ಧಿ ಬರ್ಲಿಲ್ಲ." 2018ರ ಆಗಸ್ಟಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಅವರ ಮನೆ ಹಿಂದಿನ ಬರೆಯೂ ಬಿರುಕು ಬಿಟ್ಟಿತ್ತಂತೆ, ರಾತ್ರಿ ಮನೆ ಬಿಡುವಾಗ ಅವರು ಹೊತ್ಕೊಂಡು ಬಂದದ್ದು ಮೂರು, ಆಸ್ತಿ ಪತ್ರದ ಟ್ರಂಕು, ಕೋವಿ, ಮತ್ತೆ ಆಗಲೇ ಹದಿನೈದು ವರ್ಷದಿಂದ ಬಾಯಿ ಬಿಡದ ಈ ಕೀಬೋರ್ಡು. ನೆಂಟರ ಮನೆಗೆ ತಲುಪಿದ ಮೇಲೆ ಹಳೇ ಎರಡು ಸುತ್ತಿನ ಮೇಲೆ ಮೂರನೇ ಸುತ್ತು ಪ್ಲಾಸ್ಟಿಕ್ ಹಾಕಿದ್ದು ಆಗ.

ಐದರಲ್ಲಿ ಐದೂ ಬದುಕಿದ್ವು, ನಾಲ್ಕನೇದು ಸೇರಿ. ಬೋರ್ಡಿಗೆ ಸಾಕೆಟ್ ಬೆಸುಗೆ ಹಾಕಿ ಅದರಲ್ಲಿ ಚುಚ್ಚಿದೆ, ಇನ್ನು ಮುಂದೆ ಯಾರೂ ಕಾಯಿಸಿ ಕೀಳೋ ಹಾಗಿಲ್ಲ. ನಾನು ಮುರಿದ ಎರಡನೇದಕ್ಕೆ ಬದಲಿ ಬೇಕಲ್ಲ. ಬೆಂಗಳೂರಿಗೆ ಹೋದಾಗ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಲ್ಲಿ ವಿಚಾರಿಸಿದೆ, ಅಂಗಡಿಯವರು ನಂಬರ್ ನೋಡಿ ನಕ್ಕರು. ಅದಕ್ಕೆ ಅವರದು ತಪ್ಪಿಲ್ಲ. ಹಳೇ ಚಿಪ್ಪುಗಳ ಲೋಕದಲ್ಲಿ ಹುಷಾರಾಗಿರಬೇಕಾದ್ದು ಬೇರೆ ಕಡೆ, ಅಗ್ಗದ ಯಾವುದೋ ಚಿಪ್ಪಿನ ಮೈ ಉಜ್ಜಿ ಮೇಲೆ ಬೇಕಾದ ನಂಬರ್ ಬರೆದು ಮಾರೋದುಂಟು, ಹತ್ತಿಯಲ್ಲಿ ಅಸಿಟೋನ್ ಅದ್ದಿ ಒರೆಸಿದ್ರೆ ಎಷ್ಟೋ ಸಲ ಬಣ್ಣ ಎದ್ದು ಬಂದು ಬಣ್ಣ ಬಯಲಾಗುತ್ತೆ. ನನ್ನ ಬಾಟಲಿಗೆ ಎರಡನೇ ಕೆಲಸ ಸಿಕ್ಕಿದ್ದು ಹಾಗೆ. 80017ಎಗೆ ಹೊರದೇಶದಲ್ಲಿ ಕೆಲವರು ಹೊಸದಾಗಿ ನಕಲು ಮಾಡಿ ಮಾರ್ತಾರೆ, ನಕಲು ಅಂತ ಹೇಳಿಯೇ ಮಾರ್ತಾರೆ, ಒಂದನ್ನ ತರಿಸ್ದೆ. ದಾರಿಯಲ್ಲಿ ಎಲ್ಲೆಲ್ಲಿ ಕೂತು ಬಂತೋ, ಹೂಮಳೆ ಬಂದು ಕಾಫಿ ಹೂ ಬಿಟ್ಟು ಉದುರಿತು, ಆಮೇಲೆ ಬಂತು.

ಕಾಯೋ ಟೈಮಲ್ಲಿ ಮೆಮೊರಿ ಕೆಲಸ ಮಾಡಿದೆ. ಜೂನೋದಲ್ಲಿರೋದು ಸಿಆರ್2032 ಲಿಥಿಯಂ ಬ್ಯಾಟರಿ, ನಾಣ್ಯದ ಥರದ್ದು, ಪಾಲಿಸಿಕ್ಸ್‌ನದರ ಹಾಗೆ ಬೋರ್ಡು ತಿಂದಿರ್ಲಿಲ್ಲ ಪುಣ್ಯಕ್ಕೆ, ಸುಮ್ಮನೆ ಸತ್ತಿತ್ತು, ಜೊತೆಗೆ 128 ಸೌಂಡೂ. ಕ್ಯಾಸೆಟ್ಟಿಗೆ ಸೇವ್ ಮಾಡೋ ಸೌಲಭ್ಯ ಅದರಲ್ಲಿ ಉಂಟು, ಮಾಮ ಮಾಡಿಟ್ಟಿದ್ರು ಕೂಡ, ಆದ್ರೆ ಕ್ಯಾಸೆಟ್ ಕೀಬೋರ್ಡಿನ ಜೊತೆಗೇ ಪ್ಲಾಸ್ಟಿಕ್ ಒಳಗಿತ್ತು, ಟೇಪಿನ ಮೇಲೆ ಬೂಸ್ಟು. ಹೋಯ್ತು ಅಂದ್ಕೊಂಡ್ವಿ. ಆಗ ಮಾಮನ ಹೆಂಡ್ತಿ ಒಂದು ನೂರು ಪೇಜಿನ ನೋಟ್‌ಬುಕ್ ಕಳಿಸಿದ್ರು, ಅಡುಗೆಮನೆ ಒಲೆ ಮೇಲಿನ ಅಟ್ಟದಲ್ಲಿ ಸಿಕ್ತಂತೆ, ಹೊಗೆ ಕುಡಿದು ಕಂದು ಬಣ್ಣ, ಹಾಳೆಗಳು ಹಪ್ಪಳದ ಹಾಗೆ ಗರಿಗರಿ. ಪೇಜಿಗೊಂದು ಸೌಂಡು. ಪೆನ್ಸಿಲಲ್ಲಿ ಸ್ಲೈಡರ್‌ಗಳ ಚಿತ್ರ, ಯಾವುದು ಎಷ್ಟು ಎತ್ತರ, ಯಾವ ಬಟನ್ ಒತ್ತಿದೆ, ಮೇಲೆ ಹೆಸರು: "ಮದುವೆ ಶಹನಾಯಿ", "ತಲಕಾವೇರಿ ಮಂಜು", "ದುಃಖದ ಪಿಟೀಲು", ಒಂದಕ್ಕೆ ಬರೀ "ಜೀರುಂಡೆ". ಪೆನ್ಸಿಲ್ ಗೆರೆ ನೋಡ್ಕೊಂಡು ಸ್ಲೈಡರ್ ಎತ್ತಿ ಇಳಿಸಿ ಸೇವ್ ಒತ್ತಿದ್ರೆ ಆಯ್ತು. 71 ಸೌಂಡ್ ವಾಪಸ್ ಬಂದ್ವು. ಜೀರುಂಡೆ ಹಾಕಿ ಬಿಟ್ರೆ ನಮ್ಮ ನಾಯಿ ಹೊರಗೆ ಹೋಗಿ ಮರ ನೋಡುತ್ತೆ.

ಅದರಲ್ಲಿ ಹೆಚ್ಚು ಕಮ್ಮಿ ಎಲ್ಲಾ ಪೇಜಲ್ಲೂ ಕೋರಸ್ ಒಂದು ಅಂತ ಟಿಕ್ ಮಾಡಿತ್ತು. ಕೋರಸ್ ಅಂದ್ರೆ ಅದೇ ಸ್ವರವನ್ನ ಚೂರು ತಡ ಮಾಡಿ ಜೊತೆಗೆ ಸೇರಿಸೋದು, ಹಲವರು ಒಟ್ಟಿಗೆ ನುಡಿಸಿದ ಹಾಗೆ ಕೇಳುತ್ತೆ. ಜೂನೋ ಜೂನೋ ಆಗಿರೋದೇ ಅದರ ಕೋರಸ್‌ನಿಂದ ಅಂತ ನನ್ನ ಅಭಿಪ್ರಾಯ. ಅದಕ್ಕೆ ಎಂಎನ್3009 ಅಂತ ಎರಡು ಚಿಪ್ಪುಂಟು, ಒಂದೊಂದರಲ್ಲಿ 256 ಸಣ್ಣ ಬಕೆಟ್ಟು, ಬೆಂಕಿ ಬಿದ್ದಾಗ ಜನ ಬಾವಿಯಿಂದ ಸಾಲಾಗಿ ನಿಂತು ಕೊಡಪಾನ ಕೈಯಿಂದ ಕೈಗೆ ದಾಟಿಸ್ತಾರಲ್ಲ ಹಾಗೆ ಶಬ್ದವನ್ನ ಒಂದರಿಂದ ಒಂದಕ್ಕೆ ಸುರೀತಾ ಹೋಗೋದು, ಆ ಕಡೆ ತಲುಪುವಾಗ ಚೂರು ತಡ ಆಗಿರುತ್ತೆ, ದಾರಿಯಲ್ಲಿ ಚೂರು ಚೆಲ್ಲಿ ಶ್ ಅಂತ ಇರುತ್ತೆ. ಆ ಶ್ ಶಬ್ದ ತೆಗೀಲಾ ಅಂತ ಮಾಮನನ್ನ ಕೇಳಿದ್ದೆ, "ಮಳೆ ಶಬ್ದ ಅದು, ಇರಲಿ" ಅಂದ್ರು.

ಕೊನೆ ಕೆಲಸ ಆರೂ ಗಂಟಲನ್ನ ಒಂದು ಮಾಡೋದು. ಜೂನೋದಲ್ಲಿ ಶ್ರುತಿ ಜಾರಲ್ಲ, ಒಳಗೆ ಗಡಿಯಾರ ಕೂತು ಎಣಿಸ್ತಿರುತ್ತೆ, ಹಳೇ ವೋಲ್ಟೇಜಿನ ಯಂತ್ರಗಳ ಥರ ಅಲ್ಲ. ಅವುಗಳಲ್ಲಿ ಟ್ರಾನ್ಸಿಸ್ಟರಿನ ತುದಿಯಲ್ಲಿ 18 ಮಿಲಿವೋಲ್ಟ್ ಅಂದ್ರೆ ಒಂದು ಇಡೀ ಸ್ಥಾಯಿ, ಒಂದೂವರೆ ಮಿಲಿವೋಲ್ಟ್ ಆಚೀಚೆ ಆದ್ರೆ ಸ ಹೋಗಿ ರಿ ಕಡೆಗೆ ಕಾಲು, ಒಂದು ಡಿಗ್ರಿ ಚಳಿಗೂ ಬೇಜಾರು ಮಾಡ್ಕೊಳ್ತವೆ, ತಮಟೆ ಬೆಂಕಿಗೆ ಹಿಡಿದು ಬಿಸಿ ಮಾಡೋ ಹಾಗೆ ಅರ್ಧ ಗಂಟೆ ಬಿಟ್ಟೇ ನುಡಿಸ್ಬೇಕು. ಆದ್ರೆ ಜೂನೋದ ಫಿಲ್ಟರು ಮಾತ್ರ ಆ ಹಳೇ ಜಾತಿಯದ್ದೇ. ಒಂದೊಂದು ಗಂಟಲಿಗೂ ಸಣ್ಣ ಸಣ್ಣ ತಿರುಪು. ರೆಸೊನೆನ್ಸ್ ಅನ್ನೋ ಸ್ಲೈಡರ್ ಪೂರ್ತಿ ಎತ್ತಿದ್ರೆ ಫಿಲ್ಟರು ತಾನೇ ಸಿಳ್ಳೆ ಹಾಕುತ್ತೆ, ಆರು ಸಿಳ್ಳೆಯೂ ಒಂದೇ ಕಡೆ ಕೂರೋವರೆಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸ್ತಾ ಇರೋದು. ನಕಲು ಚಿಪ್ಪು ಉಳಿದವಕ್ಕಿಂತ ಚೂರು ಚೊಕ್ಕ ಅನ್ನಿಸ್ತು, ಹೊಸ ಸೊಸೆ ಥರ. ಹೊಂದಿಸೋಕೆ ಎರಡು ಸಂಜೆ ಬೇಕಾಯ್ತು.

ಈ ಯಂತ್ರಗಳು ಹೊರಗಿನವರ ಆಟಿಕೆ ಅಂತ ಹೇಳೋರಿದ್ದಾರೆ. 1969ರಲ್ಲೇ ಅಹಮದಾಬಾದಿನ ಡಿಸೈನ್ ಕಾಲೇಜು ಎನ್‌ಐಡಿಗೆ ಮೂಗ್ ಸಿಂಥಸೈಜರ್ ಬಂದಿತ್ತು, ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಸ್ಟುಡಿಯೋ ಹೂಡಿಕೊಟ್ಟಿದ್ರು, 1982ರಲ್ಲಿ ಮುಂಬೈಯಲ್ಲಿ ಸಂಗೀತಗಾರ ಚರಣ್‌ಜಿತ್ ಸಿಂಗ್ ರೋಲ್ಯಾಂಡ್ ಯಂತ್ರಗಳಲ್ಲಿ ರಾಗಗಳನ್ನ ಡಿಸ್ಕೋ ತಾಳಕ್ಕೆ ಕೂರಿಸಿದ್ರು. ಅವರದ್ದೆಲ್ಲ ದಾಖಲೆ ಉಂಟು. ಮಾಮನಂಥವರ ದಾಖಲೆ ಒಲೆ ಮೇಲಿನ ಅಟ್ಟದಲ್ಲಿ.

ಈ ವರ್ಷ ಸೆಪ್ಟೆಂಬರ್ ಮೊದಲ ವಾರ, ಕೈಲ್‌ಪೊಳ್ದ್ ಅಂದ್ರೆ ಕೊಡವರ ಆಯುಧ ಪೂಜೆ ಹಬ್ಬದ ದಿನ ಬೆಳಿಗ್ಗೆ, ಪ್ಲಾಸ್ಟಿಕ್ ಇಲ್ಲದೆ, ಬರೀ ಹತ್ತಿ ಪಂಚೆ ಹೊದಿಸಿ ತಗೊಂಡು ಹೋದೆ. ಮಳೆ ಬಿಟ್ಟಿತ್ತು. ನೆಲ್ಲಕ್ಕಿ ಬಾಡೆಯಲ್ಲಿ, ಅಂದ್ರೆ ನಡುಮನೆಯಲ್ಲಿ, ಪೂಜೆಗೆ ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲಾ ಸಾಲಾಗಿ ಇಟ್ಟಿದ್ರು, ಕೋವಿ ಬಾಯಿಗೆ ಕೆಂಪು ಹಳದಿ ತೋಕ್‌ಪೂ ಸಿಕ್ಕಿಸಿತ್ತು. ಮಾಮ ಏನೂ ಹೇಳದೆ ಜೂನೋನ ಅದೇ ಸಾಲಿನ ಕೊನೆಗೆ ಇಡಿಸಿ ಅದಕ್ಕೂ ಒಂದು ತೋಕ್‌ಪೂ ಇಟ್ರು, ಪಿಚ್ ಬೆಂಡರ್ ಸಂದಿಗೆ. ಊಟಕ್ಕೆ ಕಡಂಬುಟ್ಟು, ಪಂದಿ ಕರಿ, ಅದರಲ್ಲಿ ಬೇಕಾದಷ್ಟು ಕಾಚಂಪುಳಿ.

ಊಟ ಆದ ಮೇಲೆ ಮಾಮ ಕೂತ್ರು. ಸ್ಟೆಬಿಲೈಸರ್ ಮುಳ್ಳು 190ರಲ್ಲಿ ಕುಣೀತಿತ್ತು. "ದುಃಖದ ಪಿಟೀಲು" ಆರಿಸಿದ್ರು, ಕೋರಸ್ ಒಂದು, ನಿಧಾನದ ಯಾವುದೋ ಹಳೇ ಹಾಡು. ಮೊದಲ ಐದು ಸ್ವರ ಬೆಣ್ಣೆಯ ಹಾಗೆ ಬಂದ್ವು. ಆಮೇಲೆ ಅವರ ಎಡಗೈ ಕಿರುಬೆರಳು ತನ್ನಷ್ಟಕ್ಕೆ ಹೋಗಿ ಕೆಳಗಿನ ಕೀ ಕುಟ್ಟಿತು, ಇಪ್ಪತ್ತು ವರ್ಷದ ಹಿಂದೆ ಏನೂ ಕೇಳಿಸದಿದ್ದ ಜಾಗದಲ್ಲಿ ಭೋಂ ಅಂತ ದೊಡ್ಡ ಸ್ವರ ಬಂತು, ಊಟದ ತಟ್ಟೆ ತೆಗೀತಿದ್ದವರೆಲ್ಲ ತಿರುಗಿ ನೋಡಿದ್ರು. ಮಾಮ ಕೈ ನಿಲ್ಲಿಸಿ ಕಿರುಬೆರಳನ್ನ ಒಮ್ಮೆ ನೋಡಿ, ಮತ್ತೆ ಮೊದಲಿಂದ ಶುರು ಮಾಡಿದ್ರು. ಒಂದು, ಎರಡು, ಮೂರು, ನಾಲ್ಕು, ಐದು, ಭೋಂ.